ತೊಗಲಿನ ಮಾದಲಿ: ಬಾಂಡೆಡ್ ಲೆದರ್ ಕೊಳ್ಳುವ ಮುನ್ನ

ಕಳೆದ ವರ್ಷ ಉರುಸಿನ ಹೊತ್ತಿನಲ್ಲಿ ಕೆಲವು ದಿನ ನಾನು ಮಾಮೂ ಹಾಕಿದ್ದ ಬೆಲ್ಟು-ಪಾಕೀಟಿನ ಅಂಗಡಿಯಲ್ಲಿ ಕೂತಿದ್ದೆ. ನನ್ನ ಕೆಲಸ ಎರಡೇ. ಬೆಲ್ಟುಗಳನ್ನು ಹಗ್ಗಕ್ಕೆ ತೂಗುಹಾಕುವುದು, ಹೋಗಿಬರುವವರಿಗೆ ಕೇಳುವಂತೆ ‘ಪ್ಯೂರ್ ಲೆದರ್, ಪ್ಯೂರ್ ಲೆದರ್’ ಎಂದು ಕೂಗುವುದು. ಮಾಮೂ ಹಾಗೆ ಹೇಳಲು ಹೇಳಿದ್ದರು, ನಾನು ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಿರಲೇ ಇಲ್ಲ. ಬೆಲ್ಟಿನ ಹಿಂದೆ ಬಂಗಾರದ ಅಕ್ಷರದಲ್ಲಿ ಹಾಗೇ ಅಚ್ಚು ಹಾಕಿತ್ತಲ್ಲ!

ಏಳೆಂಟು ತಿಂಗಳಾದ ಮೇಲೆ ಪಕ್ಕದ ಹಳ್ಳಿಯ ಹಿರಿಯರೊಬ್ಬರು ಮಾಮೂನನ್ನು ಹುಡುಕಿಕೊಂಡು ಮನೆಗೇ ಬಂದರು. ಪೇಪರಿನಲ್ಲಿ ಸುತ್ತಿದ್ದ ಬೆಲ್ಟನ್ನು ಬಿಚ್ಚಿದರೆ ಕರಿ ಹೊಟ್ಟು ನೆಲದ ಮೇಲೆ ಉದುರಿತು. “ತಮ್ಮಾ, ಹಾವು ಪರಿ ಬಿಟ್ಟಂಗ ಬಿಟ್ಟದ ನೋಡು. ತೊಗಲಂತ ನೀನೇ ಹೇಳಿದ್ದಿ” ಅಂದರು. ಸಿಟ್ಟಿನಿಂದಲ್ಲ, ನಗುತ್ತಲೇ ಅಂದರು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಮಾಮೂ ಮಾತಿಲ್ಲದೆ ಒಳಗಿನಿಂದ ಇನ್ನೊಂದು ಬೆಲ್ಟು ತಂದುಕೊಟ್ಟರು. ಅದೂ ಅದೇ ಗಂಟಿನದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಮೇಲೆ ನಾನು ಆಳಂದದಲ್ಲಿ ಚಪ್ಪಲಿ ಹೊಲಿಯುವ ಕಾಕಾ ಒಬ್ಬರ ಹತ್ತಿರ ಆ ಹಳೆಯ ಬೆಲ್ಟು ಒಯ್ದೆ. ಅವರು ರಾಂಪಿಯಿಂದ ಅಡ್ಡ ಕೊಯ್ದು ತೋರಿಸಿದರು. ಮೇಲೆ ಪ್ಲಾಸ್ಟಿಕ್ಕಿನ ತೆಳುವಾದ ಪೊರೆ, ನಡುವೆ ಕಂದು ಬಣ್ಣದ ರಟ್ಟಿನಂಥ ಪುಡಿ, ಕೆಳಗೆ ಬಟ್ಟೆ. “ಇದು ತೊಗಲೂ ಹೌದು, ತೊಗಲೂ ಅಲ್ಲ” ಎಂದರು. ಆ ಮಾತು ಅಕ್ಷರಶಃ ಸರಿ ಎಂದು ಓದಿದ ಮೇಲೆ ತಿಳಿಯಿತು. ಅದರ ಹೆಸರು ಬಾಂಡೆಡ್ ಲೆದರ್.

ತೊಗಲನ್ನು ಹದ ಮಾಡುವ ಕಾರ್ಖಾನೆಗಳಲ್ಲಿ, ನಮ್ಮ ದೇಶದಲ್ಲಾದರೆ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಯಂಥ ಊರುಗಳಲ್ಲಿ, ಬಂದ ತೊಗಲೆಲ್ಲ ಮಾಲಾಗುವುದಿಲ್ಲ. ಅಂಚು ಕತ್ತರಿಸುತ್ತಾರೆ, ದಪ್ಪ ಒಂದೇ ಸಮ ಬರಲೆಂದು ಯಂತ್ರದಲ್ಲಿ ಹೆರೆಯುತ್ತಾರೆ. ಬಡಗಿಯ ಉಜ್ಜುಗೊರಡಿನಿಂದ ಮರದ ಹೊಟ್ಟು ಬೀಳುವಂತೆ ತೊಗಲಿನ ಹೊಟ್ಟು ರಾಶಿ ಬೀಳುತ್ತದೆ. ಹಸಿ ತೊಗಲಿನ ತೂಕದಲ್ಲಿ ಸಿದ್ಧ ತೊಗಲಾಗಿ ಹೊರಬರುವುದು ಸುಮಾರು ನಾಲ್ಕನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಉಳಿದ ಹೊಟ್ಟು, ಚೂರುಗಳನ್ನು ನುಣ್ಣಗೆ ಅರೆದು, ಲೇಟೆಕ್ಸ್ ಅಥವಾ ಪಾಲಿಯುರೆಥೇನ್ ಅಂಟಿನಲ್ಲಿ ಕಲಸಿ, ಬಟ್ಟೆ ಇಲ್ಲವೆ ಕಾಗದದ ಮೇಲೆ ಹಾಳೆಯಂತೆ ಒತ್ತುತ್ತಾರೆ. ಅದರ ಮೇಲೆ ಬಣ್ಣದ ಪ್ಲಾಸ್ಟಿಕ್ ಲೇಪ. ಕೊನೆಗೆ ಬಿಸಿ ರೋಲರಿನಿಂದ ತೊಗಲಿನ ಗೆರೆಗಳ ಅಚ್ಚು.

ಇದನ್ನು ನನ್ನ ತಂಗಿಗೆ ಹೇಳುವಾಗ ಮಾದಲಿಯ ಉದಾಹರಣೆ ಕೊಟ್ಟೆ. ನಮ್ಮ ಮನೆಯಲ್ಲಿ ಅದಕ್ಕೆ ಮಲೀದಾ ಅನ್ನುತ್ತೇವೆ. ರೊಟ್ಟಿ, ಚಪಾತಿಯನ್ನು ಪುಡಿ ಮಾಡಿ, ಬೆಲ್ಲ ತುಪ್ಪ ಹಾಕಿ ಉಂಡೆ ಕಟ್ಟಿದರೆ ಅದರಲ್ಲಿ ಇರುವುದು ಚಪಾತಿಯೇ. ಆದರೆ ಆ ಉಂಡೆಯನ್ನು ಲಟ್ಟಿಸಿ ಅದರಲ್ಲಿ ಪಲ್ಯ ಸುತ್ತಿಕೊಂಡು ತಿನ್ನಲು ಬರುತ್ತದೆಯೇ? ಬಿರಿಯುತ್ತದೆ. ತೊಗಲಿನ ಬಲ ಇರುವುದು ಅದರೊಳಗೆ ಒಂದಕ್ಕೊಂದು ಹೆಣೆದುಕೊಂಡ ಉದ್ದನೆಯ ನಾರುಗಳಲ್ಲಿ. ಅರೆದಾಗ ಆ ಹೆಣಿಕೆ ಹೋಗಿಬಿಡುತ್ತದೆ. ಉಳಿಯುವುದು ಅಂಟಿನ ಬಲ ಮಾತ್ರ.

ಸಿಪ್ಪೆ ಏಳುವುದಕ್ಕೆ ಕಾರಣ ಎರಡು. ಬಗ್ಗಿಸಿದಾಗಲೆಲ್ಲ ಮೇಲಿನ ಪ್ಲಾಸ್ಟಿಕ್ ಪೊರೆ ಒಂದು ರೀತಿ ಹಿಗ್ಗುತ್ತದೆ, ಒಳಗಿನ ಪುಡಿಯ ಪದರು ಇನ್ನೊಂದು ರೀತಿ. ದಿನಕ್ಕೆ ಇಪ್ಪತ್ತು ಸಲ ಮಡಚಿದರೆ ಒಂದು ದಿನ ಎರಡೂ ಬೇರೆಯಾಗುತ್ತವೆ. ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು. ಗಾಳಿಯಲ್ಲಿರುವ ತೇವ ಪಾಲಿಯುರೆಥೇನನ್ನು ನಿಧಾನವಾಗಿ ಒಡೆಯುತ್ತದೆ, ಬಿಸಿಲು, ಸೆಕೆ ಅದಕ್ಕೆ ವೇಗ ಕೊಡುತ್ತವೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ, ಆಮೇಲೆ ಮಳೆಯಲ್ಲಿ ಗೋಡೆ ಬೆವರುವ ನಮ್ಮ ಕಡೆ ಇದು ಬೇಗ ಆಗುತ್ತದೆ. ಆದ್ದರಿಂದಲೇ ಮದುವೆಗೆಂದು ಟ್ರಂಕಿನಲ್ಲಿ ಜೋಪಾನ ಮಾಡಿದ ಪರ್ಸು, ಒಂದು ಸಲವೂ ಬಳಸದಿದ್ದರೂ, ನಾಲ್ಕೈದು ವರ್ಷದ ಮೇಲೆ ತೆಗೆದರೆ ಜಿಗುಟಾಗಿ ಸುಲಿಯುತ್ತಿರುತ್ತದೆ. ಅಮ್ಮಿ ಇದಕ್ಕೆ ಗೆದ್ದಲು, ಜಿರಲೆಯನ್ನು ಬೈಯುತ್ತಿದ್ದರು. ಪಾಪ, ಜಿರಲೆಯ ತಪ್ಪೇನಿಲ್ಲ.

ಇಷ್ಟು ಹೇಳಿದ ಮೇಲೆ ಬಾಂಡೆಡ್ ಲೆದರ್ ಎಂಬುದೇ ಮೋಸ ಎಂದುಕೊಳ್ಳಬೇಡಿ. ಹೆಚ್ಚಿನ ತೊಗಲನ್ನು ಕ್ರೋಮಿಯಂ ಲವಣದಿಂದ ಹದ ಮಾಡುವುದರಿಂದ ಆ ಹೊಟ್ಟನ್ನು ಎಲ್ಲೆಂದರಲ್ಲಿ ಸುರಿಯುವುದು, ಸುಡುವುದು ಒಳ್ಳೆಯದಲ್ಲ. ಅದರಿಂದ ಒಂದು ವಸ್ತು ಆಗುವುದಾದರೆ ಆಗಲಿ. ತಪ್ಪು ಇರುವುದು ಹೆಸರಿನಲ್ಲಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಇಂಥ ಮಾಲಿನಲ್ಲಿ ತೊಗಲಿನ ನಾರು ಶೇಕಡಾ ಎಷ್ಟು, ಬೇರೆ ವಸ್ತು ಎಷ್ಟು ಎಂದು ತಿಳಿಸಬೇಕು. ಯುರೋಪಿನ ಮಾನದಂಡದಲ್ಲಿ ‘ಲೆದರ್ ಫೈಬರ್ ಬೋರ್ಡ್’ ಎಂದು ಕರೆಯಬೇಕಾದರೆ ಒಣ ತೂಕದಲ್ಲಿ ಕನಿಷ್ಠ 50 ಭಾಗ ತೊಗಲಿನ ನಾರು ಇರಬೇಕು, ಅದನ್ನು ಬರೀ ‘ಲೆದರ್’ ಎನ್ನುವಂತಿಲ್ಲ. ನಮ್ಮ ಹಗ್ಗಕ್ಕೆ ತೂಗುವ ಬೆಲ್ಟಿನ ಮೇಲೆ ಮಾತ್ರ ‘ಪ್ಯೂರ್’.

ಹಾಗಾದರೆ ಅಂಗಡಿಯಲ್ಲಿ ನಿಂತು ಗುರುತಿಸುವುದು ಹೇಗೆ? ಮೊದಲು ಅಂಚು ನೋಡಿ. ಅಸಲಿ ತೊಗಲಿನ ಕೊಯ್ದ ಅಂಚಿನಲ್ಲಿ ನಾರು ನಾರಾಗಿ ಕಾಣುತ್ತದೆ. ಬಾಂಡೆಡ್ ಆದರೆ ಪದರು ಪದರು, ಇಲ್ಲವೆ ಅದನ್ನು ಮುಚ್ಚಲು ದಪ್ಪಗೆ ಬಳಿದ ಬಣ್ಣ. ಬೆಲ್ಟಾದರೆ ತೂತುಗಳ ಒಳಗೆ ಇಣುಕಿ, ಅಲ್ಲಿ ಬಣ್ಣ ಬಳಿಯುವುದನ್ನು ಮರೆತಿರುತ್ತಾರೆ. ಪಾಕೀಟಾದರೆ ದುಡ್ಡು ಇಡುವ ಜಾಗದ ಒಳಗೆ ಹೊಲಿಗೆಯ ಪಕ್ಕ ನೋಡಿ. ಎರಡನೆಯದು, ಬಗ್ಗಿಸಿ. ತೊಗಲು ಬಗ್ಗಿದಲ್ಲಿ ಸಣ್ಣ ಸುಕ್ಕು ಬರುತ್ತದೆ, ಬಿಟ್ಟರೆ ಹೋಗುತ್ತದೆ. ಬಾಂಡೆಡ್ ರಟ್ಟಿನಂತೆ ಒಂದೇ ಗೆರೆಯಲ್ಲಿ ಮಡಿಯುತ್ತದೆ. ಮೇಲಿನ ಗೆರೆಗಳನ್ನೂ ಗಮನಿಸಿ. ಅದೇ ನಕ್ಷೆ ಗೇಣು ಗೇಣಿಗೆ ಮರಳಿ ಬಂದರೆ ಅದು ಅಚ್ಚು. ಅಸಲಿ ತೊಗಲಿಗೂ ಅಚ್ಚು ಹಾಕುವುದುಂಟು, ಆದ್ದರಿಂದ ಇದೊಂದನ್ನೇ ನಂಬಬೇಡಿ.

ಮೂಸಿ ನೋಡುವವರು ಬಹಳ. ಅದರಿಂದ ಉಪಯೋಗವಿಲ್ಲ. ಬಾಂಡೆಡ್ ಲೆದರಿನಲ್ಲಿ ತೊಗಲಿನ ಪುಡಿ ಇರುವುದರಿಂದ ವಾಸನೆಯೂ ತೊಗಲಿನದೇ ಬರುತ್ತದೆ. ಬೆಂಕಿಕಡ್ಡಿ ಗೀರುವ ವ್ಯಾಪಾರಿಗಳೂ ಇದ್ದಾರೆ. ‘ನೋಡಿ, ಉರಿಯಲ್ಲ’ ಎಂದು ಕ್ಷಣಮಾತ್ರ ಜ್ವಾಲೆ ತೋರಿಸುವುದು. ಅಷ್ಟು ಹೊತ್ತಿನಲ್ಲಿ ಒಳ್ಳೆಯ ರೆಕ್ಸಿನ್ನೂ ಹೊತ್ತಿಕೊಳ್ಳದಿರಬಹುದು. ‘ಜೆನ್ಯೂಯಿನ್ ಲೆದರ್’ ಎಂಬ ಚೀಟಿ ಇದ್ದರೂ ಅದು ತೊಗಲಿನ ಕೆಳಪದರಿನಿಂದ ಮಾಡಿದ್ದಾಗಿರಬಹುದು, ಕೆಳಪದರು ಮೇಲ್ಪದರಿನಷ್ಟು ಗಟ್ಟಿಯಲ್ಲ. ‘ಪಿಯು ಲೆದರ್’, ‘ವೀಗನ್ ಲೆದರ್’ ಎಂದಿದ್ದರೆ ಬಹುಪಾಲು ಪ್ಲಾಸ್ಟಿಕ್ಕೇ, ಹೆಸರು ಮಾತ್ರ ಚಂದ.

ನಮ್ಮ ಮನೆಗಳಲ್ಲಿ ಕೇಳುವ ಇನ್ನೊಂದು ಪ್ರಶ್ನೆ, ಇದು ಯಾವ ಪ್ರಾಣಿಯದು ಎಂಬುದು. ಹದ ಮಾಡಿದ ತೊಗಲು ಪಾಕ್, ಹಂದಿಯದು ಮಾತ್ರ ಅಲ್ಲ ಎಂಬ ಹನಫೀ ಮಸ್‌ಅಲಾ ನಿಮಗೆ ಗೊತ್ತೇ ಇದೆ. ಇಡೀ ತೊಗಲಾದರೆ ಗುರುತು ಸಿಗುತ್ತದೆ. ಹಂದಿಯ ತೊಗಲಿನಲ್ಲಿ ರೋಮದ ತೂತುಗಳು ಮೂರು ಮೂರರ ಗುಂಪಾಗಿ ಕಾಣುತ್ತವೆ. ಆದರೆ ಅರೆದ ಮೇಲೆ ಯಾವ ಗುರುತೂ ಉಳಿಯದು. ಆದ್ದರಿಂದ ಹೊರದೇಶದ ಬಾಂಡೆಡ್ ಮಾಲು ಕೊಳ್ಳುವಾಗ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿ, ಅನುಮಾನವಿದ್ದರೆ ಬಟ್ಟೆ ಅಥವಾ ರೆಕ್ಸಿನ್ನಿನದನ್ನೇ ತೆಗೆದುಕೊಳ್ಳಿ.

ಎಲ್ಲಿ ಕೊಳ್ಳಬಹುದು, ಎಲ್ಲಿ ಕೊಳ್ಳಬಾರದು ಎಂಬುದಕ್ಕೆ ನಾನು ಕಂಡುಕೊಂಡ ಲೆಕ್ಕ ಸುಲಭ. ಒಂದೆಡೆ ಸುಮ್ಮನೆ ಇರುವ ವಸ್ತುವಿಗೆ ಬಾಂಡೆಡ್ ಸಾಕು. ಡೈರಿಯ ಹೊದಿಕೆ, ಪುಸ್ತಕದ ಜಿಲ್ದು, ಫೋಟೋ ಆಲ್ಬಮ್, ಸರ್ಟಿಫಿಕೇಟ್ ಇಡುವ ಫೈಲು. ಬಗ್ಗುವ, ಜಗ್ಗುವ, ಬೆವರು ತಾಗುವ ವಸ್ತುವಿಗೆ ಬೇಡ. ಬೆಲ್ಟು, ಗಡಿಯಾರದ ಪಟ್ಟಿ, ಚಪ್ಪಲಿಯ ಪಟ್ಟಿ, ಪುಸ್ತಕದ ಚೀಲದ ಹೆಗಲಪಟ್ಟಿ, ಸೋಫಾದ ಕೂರುವ ಜಾಗ. ಪಾಕೀಟು ಇವೆರಡರ ನಡುವೆ ಬರುತ್ತದೆ.

ಚಪ್ಪಲಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಕೊಲ್ಹಾಪುರಿ ಚಪ್ಪಲಿ ಮಹಾರಾಷ್ಟ್ರದ್ದು ಎಂದೇ ನಾನು ತಿಳಿದಿದ್ದೆ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. ಅಥಣಿ, ನಿಪ್ಪಾಣಿ ಕಡೆಯ ಸಮಗಾರ ಕುಟುಂಬಗಳು ತಲೆತಲಾಂತರದಿಂದ ಇದನ್ನು ಮಾಡುತ್ತಿವೆ. ಜಾಲಿಯ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ಇಡೀ ತೊಗಲು, ತೊಗಲಿನದೇ ಹೊಲಿಗೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ರೂಪದ ಚಪ್ಪಲಿಯನ್ನು ಮಿಲಾನ್ ಪ್ರದರ್ಶನದಲ್ಲಿ ಹೆಸರು ಹೇಳದೆ ತೋರಿಸಿ ದೊಡ್ಡ ಗದ್ದಲವಾಯಿತಲ್ಲ, ಅದೇ ಚಪ್ಪಲಿ. ಆದರೆ ಸಂತೆಯಲ್ಲಿ ‘ಕೊಲ್ಹಾಪುರಿ’ ಎಂದು ಸಿಗುವುದರಲ್ಲಿ ರೆಕ್ಸಿನ್ ಮೇಲ್ಪಟ್ಟಿ, ರಟ್ಟಿನ ಅಟ್ಟೆ ಹಾಕಿದ್ದೂ ಇರುತ್ತದೆ. ಒಂದು ಮಳೆಗೆ ಅಟ್ಟೆ ಉಬ್ಬಿಕೊಳ್ಳುತ್ತದೆ. ಅಸಲಿ ಬೇಕೆಂದರೆ 1976ರಲ್ಲಿ ಶುರುವಾದ ರಾಜ್ಯ ಸರ್ಕಾರದ ಲಿಡ್ಕರ್ ನಿಗಮದ ಮಳಿಗೆಗಳಲ್ಲಿ ವಿಚಾರಿಸಬಹುದು.

ನಾವು ವಾಣಿಜ್ಯ ವಿಭಾಗದವರು ಪ್ರಥಮ ಪಿಯುಸಿಯಲ್ಲಿ ಸವಕಳಿ ಓದಿದ್ದೇವೆ. ಸ್ಥಿರ ಕಂತಿನ ಪದ್ಧತಿಯಲ್ಲಿ ಹಾಕಿ ನೋಡಿ. 250 ರೂಪಾಯಿಯ ಬೆಲ್ಟು ಎಂಟು ತಿಂಗಳು ಬಂದರೆ ತಿಂಗಳಿಗೆ 31 ರೂಪಾಯಿ. 800 ರೂಪಾಯಿಯ ತೊಗಲಿನ ಬೆಲ್ಟು ಐದು ವರ್ಷ ಬಂದರೆ ತಿಂಗಳಿಗೆ 13 ರೂಪಾಯಿ ಚಿಲ್ಲರೆ. ಈ ಲೆಕ್ಕವನ್ನು ಹೆಮ್ಮೆಯಿಂದ ಅಬ್ಬಾಗೆ ತೋರಿಸಿದೆ. “ಬರಾಬರ್ ಇದೆ, ಆದರೆ ಅಂಗಡಿಗೆ ಹೋದ ದಿನ ಜೇಬಿನಲ್ಲಿ ಮುನ್ನೂರೇ ಇದ್ದರೆ?” ಎಂದರು. ನನ್ನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಈಗ ನನಗೆ ತೋಚುವುದು ಇಷ್ಟು: ಮುನ್ನೂರೇ ಇದ್ದರೆ ತೊಗಲಿನ ವೇಷ ಹಾಕಿದ್ದನ್ನು ಬಿಟ್ಟು, ಹೆಣೆದ ಬಟ್ಟೆಯ ಬೆಲ್ಟು ಕೊಳ್ಳಿ. ಅದು ಸುಲಿಯುವುದಿಲ್ಲ, ಒಗೆಯಲೂ ಬರುತ್ತದೆ.

ಬಾಂಡೆಡ್ ವಸ್ತು ಈಗಾಗಲೇ ಮನೆಯಲ್ಲಿದ್ದರೆ ಅದನ್ನು ತೊಗಲೆಂದು ಭಾವಿಸಿ ಆರೈಕೆ ಮಾಡಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಅಸಲಿ ತೊಗಲು ಎಣ್ಣೆ ಕುಡಿಯುತ್ತದೆ, ಬಾಂಡೆಡ್ ಕುಡಿಯುವುದಿಲ್ಲ. ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್ ಹಚ್ಚಿದರೆ ಮೇಲೆಯೇ ನಿಂತು ಧೂಳು ಹಿಡಿಯುತ್ತದೆ, ಬಿರುಕು ಇದ್ದಲ್ಲಿ ಒಳಗಿಳಿದು ಅಂಟನ್ನು ಸಡಿಲಿಸುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ. ಕಲೆ ಇದ್ದರೆ ಬಟ್ಟೆಯನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿ. ಸ್ಯಾನಿಟೈಸರ್, ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ ಹತ್ತಿರ ತರಬೇಡಿ, ಲೇಪವೇ ಕಿತ್ತು ಬರುತ್ತದೆ. ಅತ್ತರು ಹಚ್ಚಿದ ಕೈಯಿಂದ ಪಾಕೀಟು ಹಿಡಿದರೂ ಕಲೆ ಉಳಿಯುತ್ತದೆ.

ತಗಡಿನ ಮನೆಯಾದರೆ ಮೇಲಿನ ಅಟ್ಟದಲ್ಲಿ ಇಡಬೇಡಿ, ಸೆಕೆ ಅಲ್ಲೇ ಹೆಚ್ಚು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಕ್ಕಿಂತ ಹಳೆಯ ಹತ್ತಿಯ ಓಢಣಿಯಲ್ಲಿ ಸುತ್ತಿಡಿ. ಮಳೆಯಲ್ಲಿ ನೆನೆದರೆ ನೆರಳಲ್ಲಿ ಆರಲಿ, ಒಲೆಯ ಹತ್ತಿರವೂ ಬೇಡ, ಬಿಸಿಲೂ ಬೇಡ. ಪಾಕೀಟಿಗೆ ಚಿಲ್ಲರೆ ತುಂಬಬೇಡಿ. ಹಿಂದಿನ ಜೇಬಿನಲ್ಲಿಟ್ಟು ಬಸ್ಸಿನಲ್ಲಿ ಕೂರುವುದನ್ನು ಬಿಟ್ಟರೆ ಅದರ ಆಯಸ್ಸು ಹೆಚ್ಚುತ್ತದೆ, ಕಳ್ಳರಿಂದಲೂ ಕ್ಷೇಮ.

ಸುಲಿಯಲು ಶುರುವಾದರೆ ತಡೆಯುವ ಔಷಧಿ ಇಲ್ಲ. ಎದ್ದ ಸಿಪ್ಪೆಯನ್ನು ಎಳೆಯದೆ ಕತ್ತರಿಯಿಂದ ಕತ್ತರಿಸಿ. ಅಂಚಿನಲ್ಲಿ ಮಾತ್ರ ಎದ್ದಿದ್ದರೆ ರಬ್ಬರ್ ಸೊಲ್ಯೂಷನ್ ತೆಳುವಾಗಿ ಹಚ್ಚಿ ಒತ್ತಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಹೊಲಿಗೆ ಬಿಟ್ಟರೆ ಕಾಕಾ ಹೇಳಿದ್ದು ಹೀಗೆ: ಹಳೆಯ ತೂತಿನ ಪಕ್ಕದಲ್ಲೇ ಮತ್ತೆ ಆರಿ ಚುಚ್ಚಿದರೆ ಅಂಚೆಚೀಟಿಯಂತೆ ಹರಿಯುತ್ತದೆ, ಆದ್ದರಿಂದ ಹಿಂದೆ ಒಂದು ಗಟ್ಟಿ ಪಟ್ಟಿ ಕೊಟ್ಟು ಅಗಲವಾಗಿ ಹೊಲಿಯಬೇಕು.

ಕೊನೆಗೆ ಬಿಲ್ಲಿನ ವಿಷಯ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ ವರ್ಣನೆ ಹೇಳಿ ಮಾರಿದ ಸರಕು ಆ ವರ್ಣನೆಗೆ ಹೊಂದಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸುಳ್ಳು ವರ್ಣನೆ ಅನುಚಿತ ವ್ಯಾಪಾರ ಪದ್ಧತಿ. ಸಹಾಯವಾಣಿ 1915. ಕಲಬುರಗಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. 250 ರೂಪಾಯಿಗಾಗಿ ಸರಸಂಬಾದಿಂದ ಕಲಬುರಗಿಗೆ ಯಾರು ಬಸ್ಸು ಹತ್ತುತ್ತಾರೆ ಎಂದು ನೀವು ಕೇಳಬಹುದು. ಸರಿಯೇ. ಆದರೆ ಸೋಫಾ ಕೊಳ್ಳುವಾಗ ಬಿಲ್ಲಿನಲ್ಲಿ ‘ಲೆದರ್’ ಎಂದು ಬರೆಸಿಕೊಳ್ಳಿ. ಬರೆಯಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ಅಲ್ಲೇ ಗೊತ್ತಾಗುತ್ತದೆ.

ಮಾಮೂಗೆ ಕಾಯ್ದೆ ಹೇಳುವ ಧೈರ್ಯ ನನಗೆ ಬರಲಿಲ್ಲ. ರಾಶಿಯ ಮೇಲೆ ಒಣ ಧಾನ್ಯ, ಒಳಗೆ ಒದ್ದೆ ಧಾನ್ಯ ಇಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿಯವರು ಕೈಹಾಕಿ ನೋಡಿ ಪ್ರಶ್ನಿಸಿದ ಪ್ರಸಂಗವನ್ನು ನೆನಪಿಸಿದೆ. ಮಾಮೂ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಪ್ಯೂರ್ ಅಂತಲೇ ಹೋಲ್‌ಸೇಲಿನಲ್ಲಿ ತಂದವನು” ಎಂದರು. ಅದೂ ನಿಜವೇ. ಈ ಸಲದ ಉರುಸಿಗೆ ಎರಡು ಹಗ್ಗ ಕಟ್ಟೋಣ ಎಂದಿದ್ದಾರೆ, ಒಂದಕ್ಕೆ ತೊಗಲಿನವು, ಇನ್ನೊಂದಕ್ಕೆ ಇವು. ಇವಕ್ಕೆ ಏನೆಂದು ಕೂಗಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ‘ಬಾಂಡೆಡ್’ ಎಂದರೆ ಯಾರಿಗೂ ತಿಳಿಯದು, ‘ಚೂರಿನ ತೊಗಲು’ ಎಂದರೆ ಯಾರೂ ಕೊಳ್ಳರು ಎಂದು ಮಾಮೂ ತಲೆ ಕೆರೆದುಕೊಳ್ಳುತ್ತಿದ್ದಾರೆ.