ಆರು ರನ್ನುಗಳ ಸೋಲು, ನಾಲ್ಕು ವರ್ಷಗಳ ತಾಳ್ಮೆ

2010ರ ಜನವರಿ 14, ಸಂಕ್ರಾಂತಿ. ಗುಂಡ್ಲುಪೇಟೆಯಿಂದ ಮೈಸೂರಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ನಮ್ಮ ಕಾಲೇಜಿನ ಏಳೆಂಟು ಹುಡುಗರಿದ್ದರು, ಅವರ ನಡುವೆ ನಾನೂ ಇದ್ದೆ. ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬೈ ನಡುವೆ ರಣಜಿ ಟ್ರೋಫಿಯ ಅಂತಿಮ ಪಂದ್ಯ ನಡೆಯುತ್ತಿತ್ತು. ಅಂದು ಅದರ ನಾಲ್ಕನೆಯ ದಿನ. ಮನೆಯಲ್ಲಿ ಕಟ್ಟಿಕೊಟ್ಟ ಎಳ್ಳು ಬೆಲ್ಲದ ಪೊಟ್ಟಣಗಳು ಹುಡುಗರ ಜೇಬಿನಲ್ಲಿದ್ದವು. ಗೆದ್ದರೆ ಮೈದಾನದಲ್ಲೇ ಹಂಚುವುದೆಂದು ಅವರು ಬೇಗೂರು ದಾಟುವ ಮೊದಲೇ ತೀರ್ಮಾನಿಸಿದ್ದರು.

ಗೆಲ್ಲಲಿಲ್ಲ. ಮುಂಬೈ 233 ಮತ್ತು 234 ರನ್ ಗಳಿಸಿತ್ತು. ಮೊದಲ ಸರದಿಯಲ್ಲಿ 130ಕ್ಕೆ ಕುಸಿದಿದ್ದ ಕರ್ನಾಟಕದ ಮುಂದೆ 338ರ ಗುರಿ ಇತ್ತು. ಮನೀಶ್ ಪಾಂಡೆ 144 ರನ್ ಹೊಡೆದರು. ಗಣೇಶ್ ಸತೀಶ್ ಅವರೊಂದಿಗಿನ ಜೊತೆಯಾಟ ಇನ್ನೂರನ್ನು ದಾಟಿತು. ಆದರೂ ಕೊನೆಯ ವಿಕೆಟ್ ಬಿದ್ದಾಗ ಫಲಕದಲ್ಲಿದ್ದ ಸಂಖ್ಯೆ 331. ಆರು ರನ್ನುಗಳ ಸೋಲು. ಅಷ್ಟು ದೊಡ್ಡ ಜನಸಮೂಹ ಅಷ್ಟು ಮೌನವಾಗಿ ಮೈದಾನದಿಂದ ಹೊರಬಿದ್ದುದನ್ನು ನಾನು ಮತ್ತೆ ಕಂಡಿಲ್ಲ.

ಹಿಂದಿರುಗುವ ಬಸ್ಸು ನಂಜನಗೂಡು ಬಿಟ್ಟ ಮೇಲೆ, ಕಾಲೇಜಿನ ಕಬಡ್ಡಿ ತಂಡದಲ್ಲಿದ್ದ ಹುಡುಗನೊಬ್ಬ ಬಾಯಿ ತೆರೆದ. 'ಅವ್ರಿಗೇನ್ ಬುಡಿ ಸಾ, ಬರೋ ವರ್ಸ ತಿರ್ಗ ಆಡ್ತರೆ. ನಮ್ಗೆ ಇದೇ ಕಡೆ ವರ್ಸ.' ಆ ಸಾಲಿನಲ್ಲಿ ನಮ್ಮ ತಂಡ ಅಂತರ ಕಾಲೇಜು ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತು ಬಂದಿತ್ತು. ಅವನ ಮಾತಿನಲ್ಲಿ ಅಸೂಯೆ ಇರಲಿಲ್ಲ, ಲೆಕ್ಕವಿತ್ತು. ಆ ಲೆಕ್ಕ ಎಷ್ಟು ಸರಿಯಾಗಿತ್ತೆಂಬುದು ತಿಳಿಯಲು ನಾಲ್ಕು ವರ್ಷ ಬೇಕಾಯಿತು.

ಆ ನಾಲ್ಕು ವರ್ಷ ಕರ್ನಾಟಕ ತಂಡಕ್ಕೆ ಸುಖದ ಕಾಲವಾಗಿರಲಿಲ್ಲ. 2010-11ರಲ್ಲಿ ಸೆಮಿಫೈನಲ್‌ನಲ್ಲಿ ಬರೋಡಾ ಎದುರು, 2011-12ರಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಹರಿಯಾಣ ಎದುರು, ಮರುವರ್ಷ ಅದೇ ಹಂತದಲ್ಲಿ ಸೌರಾಷ್ಟ್ರದ ಎದುರು ತಂಡ ಹೊರಬಿತ್ತು. 1998-99ರ ನಂತರ ಟ್ರೋಫಿ ಕಾಣದ ರಾಜ್ಯದಲ್ಲಿ ಟೀಕೆಗೆ ಬರವಿರಲಿಲ್ಲ. ಬಳಿಕ 2013-14 ಬಂತು. ಹೈದರಾಬಾದಿನ ಅಂತಿಮ ಪಂದ್ಯದಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಸೋಲಿಸಿದ ಕರ್ನಾಟಕ, ಹದಿನೈದು ವರ್ಷಗಳ ನಂತರ ರಣಜಿ ಟ್ರೋಫಿ ಎತ್ತಿತು. ಅದೇ ಸಾಲಿನಲ್ಲಿ ಇರಾನಿ ಟ್ರೋಫಿ, ವಿಜಯ್ ಹಜಾರೆ ಟ್ರೋಫಿಗಳೂ ಬಂದವು. 2014-15ರಲ್ಲಿ ಆ ಮೂರನ್ನೂ ತಂಡ ಮತ್ತೊಮ್ಮೆ ಗೆದ್ದಿತು.

ಈ ಗೆಲುವಿನಲ್ಲಿ ಗಮನಿಸಬೇಕಾದದ್ದು ಅಂಕಿಗಳಿಗಿಂತ ಹೆಸರುಗಳನ್ನು. ನಾಯಕ ವಿನಯ್ ಕುಮಾರ್, ರಾಬಿನ್ ಉತ್ತಪ್ಪ, ಮನೀಶ್ ಪಾಂಡೆ, ಗಣೇಶ್ ಸತೀಶ್, ಅಭಿಮನ್ಯು ಮಿಥುನ್. ಇವರೆಲ್ಲ ಮೈಸೂರಿನಲ್ಲಿ ಸೋತವರೇ. ಸೋತ ಸರದಿಯಲ್ಲಿ 75 ರನ್ ಮಾಡಿದ್ದ ಸತೀಶ್ ಹೈದರಾಬಾದಿನ ಫೈನಲ್‌ನಲ್ಲಿ ಶತಕ ಹೊಡೆದರು. ಕೆ.ಎಲ್. ರಾಹುಲ್, ಕರುಣ್ ನಾಯರ್ ಅವರಂಥ ಹೊಸಬರು ಇವರ ನಡುವೆ ಬಂದು ಸೇರಿಕೊಂಡರು. ಸೋತವರನ್ನು ಕಿತ್ತೆಸೆದು ಕಟ್ಟಿದ ತಂಡ ಅದಾಗಿರಲಿಲ್ಲ. ಸೋಲಿನ ಅನುಭವವನ್ನೇ ಬಂಡವಾಳವಾಗಿಸಿಕೊಂಡ ತಂಡವಾಗಿತ್ತು. ಹಾಗಾಗಲು ಆಟಗಾರರಿಗೆ ನಾಲ್ಕು ಸಾಲುಗಳ ಕಾಲಾವಕಾಶ ಸಿಕ್ಕಿತ್ತು.

ತಂಡವೊಂದರ ಅದೃಷ್ಟ ಬದಲಾಗುವುದಕ್ಕೆ ಬೇರೆ ದಾರಿಯೂ ಇದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ನೋಡಿ. ಅಲ್ಲಿಯ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ. 2023ರಲ್ಲಿ ಆ ತಂಡ ಮೂರು ಪಂದ್ಯ ಗೆದ್ದು ಒಂಬತ್ತನ್ನು ಸೋತಿತ್ತು. ಹೊಸ ತರಬೇತುದಾರ ಕರ್ಟ್ ಸಿಗ್ನೆಟ್ಟಿ ತಮ್ಮ ಹಳೆಯ ವಿಶ್ವವಿದ್ಯಾಲಯದ ಹದಿಮೂರು ಆಟಗಾರರೂ ತಮ್ಮೊಂದಿಗೆ ಬರುವಂತೆ ಮಾಡಿದರು. 2024ರಲ್ಲಿ ಹನ್ನೊಂದು ಗೆಲುವು, ಎರಡೇ ಸೋಲು. 2026ರ ಜನವರಿಯಲ್ಲಿ, ಒಂದೂ ಪಂದ್ಯ ಸೋಲದೆ, ರಾಷ್ಟ್ರೀಯ ಚಾಂಪಿಯನ್ ಪಟ್ಟ. ಆಟಗಾರರು ವಿಶ್ವವಿದ್ಯಾಲಯ ಬದಲಿಸುವುದನ್ನು ಸುಲಭಗೊಳಿಸಿದ ನಿಯಮಗಳೂ ದೊಡ್ಡ ಹಣವೂ ಇದರ ಹಿಂದಿವೆ. ಹಾಗೆಂದು ಇದನ್ನು ಕೊಂಡು ತಂದ ಗೆಲುವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಅದೇ ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಬಹುಕಾಲ ಇನ್ನೊಂದು ನಿಯಮವಿತ್ತು. ನಾಲ್ಕು ಸಾಲು ಆಡಲು ವಿದ್ಯಾರ್ಥಿಗೆ ಐದು ವರ್ಷಗಳ ಅವಕಾಶ. ಗಾಯಗೊಂಡವನು, ಇನ್ನೂ ಮಾಗದವನು ಒಂದು ವರ್ಷ ಹೊರಗೆ ಕುಳಿತು ಕಲಿಯಬಹುದಿತ್ತು. ಅಂದರೆ ಎರಡನೆಯ ಅವಕಾಶವೆಂಬುದನ್ನು ಅವರು ಯಾರದೋ ದಯೆಗೆ ಬಿಡದೆ ನಿಯಮಾವಳಿಯಲ್ಲೇ ಬರೆದಿಟ್ಟಿದ್ದರು.

ಈಗ ನಮ್ಮ ಕಬಡ್ಡಿ ತಂಡಕ್ಕೆ ಮರಳೋಣ. 2010ರ ಜುಲೈನಲ್ಲಿ ಕಾಲೇಜು ತೆರೆದಾಗ ಹಿಂದಿನ ವರ್ಷದ ಹನ್ನೆರಡು ಮಂದಿಯಲ್ಲಿ ಐದು ಮಂದಿ ಮಾತ್ರ ಉಳಿದಿದ್ದರು. ಇಬ್ಬರ ಪದವಿ ಮುಗಿದಿತ್ತು. ಉಳಿದ ಐವರಲ್ಲಿ ಒಬ್ಬ ನಂಜನಗೂಡಿನ ಕಾರ್ಖಾನೆ ಸೇರಿದ್ದ, ಒಬ್ಬ ಶುಂಠಿ ಕೆಲಸಕ್ಕೆಂದು ಕೇರಳದ ಕಡೆ ಹೋಗಿದ್ದ, ಒಬ್ಬ ಅಪ್ಪನೊಂದಿಗೆ ಚೆಂಡುಹೂವಿನ ಹೊಲದಲ್ಲಿದ್ದ. ಇನ್ನಿಬ್ಬರು ಪರೀಕ್ಷೆಯಲ್ಲಿ ಒಂದೊಂದು ವಿಷಯ ಉಳಿಸಿಕೊಂಡು ನಾಚಿಕೆಯಿಂದ ಕಾಲೇಜಿನತ್ತ ಮುಖ ಹಾಕಿರಲಿಲ್ಲ. ಬಸ್ಸಿನಲ್ಲಿ ಮಾತನಾಡಿದ್ದವನು ಆ ಇಬ್ಬರಲ್ಲಿ ಒಬ್ಬ. ನಾನು ಅವನ ಊರಿಗೆ ಹೋಗಿ ಕರೆದುತರಬಹುದಿತ್ತು. ಹೋಗಲಿಲ್ಲ. ಮುಂದಿನ ವಾರ, ಮುಂದಿನ ತಿಂಗಳು ಎನ್ನುತ್ತಲೇ ವರ್ಷ ಕಳೆಯಿತು.

ಆ ಹುಡುಗರು ಮಹಾ ಆಟಗಾರರಾಗುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಹೇಳಬೇಕಾದದ್ದು ಇಷ್ಟೆ. ಆ ತಂಡ ಕೆಟ್ಟದ್ದೆಂದು ಯಾರೂ ತೀರ್ಮಾನಿಸುವ ಮೊದಲೇ ಅದು ಇಲ್ಲವಾಗಿತ್ತು. ಪ್ರತಿವರ್ಷ ಹೊಸದಾಗಿ ಹುಟ್ಟಿ ಹೊಸದಾಗಿ ಸೋಲುವ ತಂಡಕ್ಕೆ ಹಿಂದಿನ ಸೋಲು ಏನನ್ನೂ ಕಲಿಸಲಾರದು, ಏಕೆಂದರೆ ಅದನ್ನು ನೆನಪಿಟ್ಟವರೇ ಅಲ್ಲಿರುವುದಿಲ್ಲ. ಗಡಿ ಜಿಲ್ಲೆಯ ಕಾಲೇಜುಗಳ ಕ್ರೀಡೆಯ ಬಡತನವನ್ನು ನಾವು ಮೈದಾನ, ಮ್ಯಾಟ್, ಬೂಟುಗಳ ಕೊರತೆಯಾಗಿ ಎಣಿಸುತ್ತೇವೆ. ಅವು ಸುಳ್ಳಲ್ಲ. ಆದರೆ ಎಲ್ಲಕ್ಕಿಂತ ಮೊದಲಿನ ಕೊರತೆ ಎರಡನೆಯ ವರ್ಷದ್ದು.

ಈ ಅವಸರ ಹುಡುಗರ ವಿಷಯದಲ್ಲಿ ಮಾತ್ರವಲ್ಲ, ಸಂಸ್ಥೆಗಳ ವಿಷಯದಲ್ಲೂ ಇದೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಆವರಣದಲ್ಲಿ 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ ಆರಂಭವಾಯಿತು. 2025ರ ಫೆಬ್ರುವರಿಯಲ್ಲಿ, ಮುಚ್ಚಬಹುದಾದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಸಂಪುಟ ಉಪಸಮಿತಿ ಶಿಫಾರಸು ಮಾಡಿದಾಗ ಚಾಮರಾಜನಗರದ ಹೆಸರೂ ಅದರಲ್ಲಿತ್ತು. ಹಣವಿಲ್ಲದೆ, ಸಾಕಷ್ಟು ಸಿಬ್ಬಂದಿಯಿಲ್ಲದೆ ವಿಶ್ವವಿದ್ಯಾಲಯ ತೆರೆದದ್ದು ತಪ್ಪೆಂಬ ವಾದದಲ್ಲಿ ಹುರುಳಿದೆ. ಆದರೆ ಆಟಗಾರರನ್ನು ಕೊಡದೆ ಕಣಕ್ಕಿಳಿಸಿದ ತಂಡವನ್ನು ಎರಡನೆಯ ಸಾಲಿನಲ್ಲೇ ಸೋತದ್ದೆಂದು ಘೋಷಿಸುವುದು ಯಾವ ನ್ಯಾಯ? ರಣಜಿ ತಂಡಕ್ಕೆ ನಾವು ಕೊಟ್ಟ ನಾಲ್ಕು ವರ್ಷವನ್ನಾದರೂ ಅದಕ್ಕೆ ಕೊಡಬೇಡವೇ?

ಕಾಲೇಜು ತಂಡಗಳ ಮಟ್ಟಿಗೆ ಬೇಕಾದದ್ದು ಕೋಟಿಗಳ ಕ್ರೀಡಾಂಗಣವಲ್ಲ. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಯನ್ನು ಖಾಲಿ ಬಿಡದಿರುವುದು, ಆಡುವ ಮಕ್ಕಳಿಗೆ ಹಾಸ್ಟೆಲಿನಲ್ಲಿ ಸ್ಥಳ, ಬೆಳಗಿನ ಅಭ್ಯಾಸದ ನಂತರ ಹೊಟ್ಟೆ ತುಂಬುವಷ್ಟು ತಿಂಡಿ, ಸಂಜೆಯ ಅಭ್ಯಾಸ ಮುಗಿಸಿ ಹಳ್ಳಿಗೆ ಮರಳಲು ಒಂದು ಬಸ್ಸು. ಪರೀಕ್ಷೆಯಲ್ಲಿ ಹಿಂದೆ ಬಿದ್ದವನನ್ನು ಹುಡುಕಿಕೊಂಡು ಹೋಗುವ ಒಬ್ಬ ಮೇಷ್ಟ್ರು. ಈ ಕೊನೆಯದಕ್ಕೆ ಸರ್ಕಾರದ ಆದೇಶವೂ ಬೇಕಿಲ್ಲ. ಅದು ನನ್ನಂಥವರು ಮಾಡಬೇಕಿದ್ದ, ಮಾಡದೆ ಬಿಟ್ಟ ಕೆಲಸ.

ಮೈದಾನದಲ್ಲಿ ಹಂಚಲೆಂದು ತಂದಿದ್ದ ಎಳ್ಳು ಬೆಲ್ಲವನ್ನು ಅಂದು ಹುಡುಗರು ಬಸ್ಸಿನಲ್ಲೇ ಹಂಚಿದರು. ಕಂಡಕ್ಟರರಿಗೂ ಒಂದು ಪೊಟ್ಟಣ ಹೋಯಿತು. ಬರುವ ವರ್ಷ ಗೆಲ್ಲುತ್ತೇವೆ ಬಿಡಿ ಎಂದರು ಅವರು. ಅವರು ಹೇಳಿದ್ದು ಕರ್ನಾಟಕ ತಂಡದ ಬಗ್ಗೆ. ತಡವಾಗಿಯಾದರೂ ಆ ಮಾತು ನಿಜವಾಯಿತು.