ಮೊದಲು ಆಲದ ಮರ, ಆಮೇಲೆ ಶಾಲೆ

ಮದನಪಲ್ಲಿ ಎಂದರೆ ಕೋಲಾರ, ಚಿಂತಾಮಣಿ ಕಡೆಯವರಿಗೆ ಥಟ್ಟನೆ ನೆನಪಾಗುವುದು ಟೊಮೆಟೊ ಮಂಡಿ. ಚಿಂತಾಮಣಿ ದಾಟಿ ಆಂಧ್ರದ ಗಡಿಯೊಳಗೆ ಹೋದರೆ, ಆ ಊರು ಸಿಗುವ ಮುಂಚೆಯೇ ಬಂಡೆಗುಡ್ಡಗಳ ನಡುವೆ ಒಂದು ಹಸಿರು ಕಣಿವೆ ಕಾಣುತ್ತದೆ. ಅದೇ ರಿಷಿ ವ್ಯಾಲಿ. ಅಲ್ಲಿನ ವಸತಿ ಶಾಲೆಯ ಹೆಸರು ಬೆಂಗಳೂರಿನ ಅನುಕೂಲಸ್ಥರ ಮನೆಗಳಲ್ಲಿ ಆಗಾಗ ಕೇಳಿಬರುವುದುಂಟು. ಕ್ಯಾಂಪಸ್ ಎಷ್ಟು ಚೆಂದ ಎನ್ನುತ್ತಾರೆ. ಆದರೆ ಈ ಚೆಂದ ಹುಟ್ಟಿನಿಂದ ಬಂದದ್ದಲ್ಲ.

ಈ ಶಾಲೆಯ ಸ್ಥಾಪಕ, ಚಿಂತಕ ಜೆ. ಕೃಷ್ಣಮೂರ್ತಿ ಹುಟ್ಟಿದ್ದು ಮದನಪಲ್ಲಿಯಲ್ಲಿ, 1895ರಲ್ಲಿ. 1920ರ ದಶಕದಲ್ಲಿ ಥಿಯಾಸಫಿಕಲ್ ಸೊಸೈಟಿಯ ಆನಿ ಬೆಸೆಂಟ್ ಬಳಗಕ್ಕೆ ಒಂದು ವಿಶ್ವವಿದ್ಯಾಲಯ ಕಟ್ಟುವ ಆಸೆಯಿತ್ತು. ಜಾಗ ಹುಡುಕುತ್ತಾ ಬಂದ ಕೃಷ್ಣಮೂರ್ತಿಯವರಿಗೆ ತೆಟ್ಟು ಹಳ್ಳಿಯ ಹತ್ತಿರ ಹಳೆಯದೊಂದು ದೊಡ್ಡ ಆಲದ ಮರ ಕಣ್ಣಿಗೆ ಬಿತ್ತು. ಅದರ ಸುತ್ತಲೇ ಕಟ್ಟೋಣ ಎಂದಾಯಿತು. ಸಿ.ಎಸ್. ತ್ರಿಲೋಕೇಕರ್ ಎಂಬವರು ಎತ್ತಿನಗಾಡಿಯಲ್ಲಿ ಹಳ್ಳಿ ಹಳ್ಳಿ ಅಲೆದು ಸುಮಾರು 300 ಎಕರೆ ಭೂಮಿ ಕೂಡಿಸಿದರು. ಪಕ್ಕದ ಋಷಿಕೊಂಡದಿಂದ ಕಣಿವೆಗೆ ಹೆಸರು ಬಂತು. ವಿಶ್ವವಿದ್ಯಾಲಯ ಮಾತ್ರ ಬರಲಿಲ್ಲ. 1930ರ ದಶಕದ ಆರಂಭದಲ್ಲಿ ಮದರಾಸಿನ ಗಿಂಡಿಯಲ್ಲಿದ್ದ ಶಾಲೆಯೊಂದು ಇಲ್ಲಿಗೆ ಬಂದು ನೆಲೆಸಿತು. ಜಿ.ವಿ. ಸುಬ್ಬರಾವ್ ಅದರ ಮೊದಲ ಪ್ರಾಂಶುಪಾಲರು.

ಬರದ ಸೀಮೆ ಅದು. ಮಳೆ ಕೈಕೊಡುವುದು ಮಾಮೂಲು. ಸೌದೆಗೆಂದು ಕಡಿದು, ಮೇಕೆ ಮೇಯಿಸಿ ಗುಡ್ಡಗಳು ಬೋಳಾಗಿದ್ದವು. ಹಾಗಾಗಿ ಈ ಶಾಲೆ ತರಗತಿ, ಹಾಸ್ಟೆಲ್ಲು ಕಟ್ಟಿಸಿದಷ್ಟೇ ಶ್ರದ್ಧೆಯಿಂದ ಸಸಿ ನೆಟ್ಟಿತು, ಗುಡ್ಡದ ಇಳಿಜಾರಿಗೆ ಬದು ಹಾಕಿತು, ನೀರು ಇಂಗಲು ಕೆರೆ ಮಾಡಿತು. ದಶಕಗಳು ಹಿಡಿದ ಕೆಲಸ ಇದು. ಮರ ಬಂದ ಮೇಲೆ ಹಕ್ಕಿಗಳೂ ಬಂದವು. 1991ರಲ್ಲಿ ಕಣಿವೆಯನ್ನು ಪಕ್ಷಿಧಾಮವೆಂದು ಘೋಷಿಸಿದರು. ಇಲ್ಲಿನ ಹಕ್ಕಿಗಳ ಬಗ್ಗೆ ಎಸ್. ರಂಗಸ್ವಾಮಿ ಅವರೊಡನೆ ಪುಸ್ತಕ ಬರೆದ ಎಸ್. ಶ್ರೀಧರ್ ಬೆಂಗಳೂರಿನವರು. ದಕ್ಷಿಣದ ಬಂಡೆಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಸಿಗದ ಹಳದಿ ಕೊರಳಿನ ಪಿಕಳಾರ ಈ ಕಣಿವೆಯಲ್ಲಿದೆ.

ಪ್ರಯೋಗಾಲಯ, ಗ್ರಂಥಾಲಯ, ಆಟದ ಮೈದಾನ ಎಲ್ಲ ಇವೆ; ದೊಡ್ಡ ಶುಲ್ಕದ ಯಾವ ಶಾಲೆಯಲ್ಲಿ ಇಲ್ಲ? ಇಲ್ಲಿನ ಮಕ್ಕಳು ಸಂಜೆ ಸೇರುವ 'ಅಸ್ತಾಚಲ'ಕ್ಕೆ ಮಾತ್ರ ಕಟ್ಟಡವೇ ಬೇಕಿಲ್ಲ. ಎಲ್ಲರೂ ಕೂತು, ಮಾತಾಡದೆ, ಪಡುವಣ ಗುಡ್ಡದ ಹಿಂದೆ ಸೂರ್ಯ ಇಳಿಯುವುದನ್ನು ನೋಡುತ್ತಾರೆ.

ಗೇಟಿನ ಹೊರಗಿನ ಮಕ್ಕಳ ಪಾಡು? ಈ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ. 1980ರ ದಶಕದಲ್ಲಿ ರಿಷಿ ವ್ಯಾಲಿಯ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲ ಹಳ್ಳಿಗಳಲ್ಲಿ ಸಣ್ಣ ಸಣ್ಣ ಶಾಲೆ ಶುರುಮಾಡಿದರು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಬೇರೆ ಬೇರೆ ವಯಸ್ಸಿನ ಮಕ್ಕಳು. ಬೆಳೆ ಕೊಯ್ಲಿಗೋ ದನ ಕಾಯಲೋ ಮಗು ನಾಲ್ಕು ದಿನ ಶಾಲೆ ತಪ್ಪಿಸಿದರೆ ಪಾಠ ಮುಂದೆ ಹೋಗಿಬಿಡುತ್ತದೆ. ಅದಕ್ಕೇ ಪಾಠವನ್ನು ಒಡೆದು ಪುಟ್ಟ ಕಾರ್ಡುಗಳಾಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ಬಿಟ್ಟ ಕಾರ್ಡಿನಿಂದಲೇ ಮಗು ಮತ್ತೆ ಶುರುಮಾಡಬಹುದು. ಶಾಲೆಗೆ ಬೇಕಾದದ್ದೆಲ್ಲ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು. ನನ್ನ ಲೆಕ್ಕದಲ್ಲಿ ಇಡೀ ಕ್ಯಾಂಪಸ್ಸಿನಲ್ಲಿ ಅತಿ ಬೆಲೆಬಾಳುವ ಸೌಲಭ್ಯ ಈ ಪೆಟ್ಟಿಗೆಯೇ.

1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆ ಶಿಕ್ಷಕರು ಯುನಿಸೆಫ್ ನೆರವಿನಿಂದ ಕಣಿವೆಗೆ ಬಂದು ಈ ಕಾರ್ಡು ಪದ್ಧತಿಯನ್ನು ನೋಡಿ ಹೋದರು. ಕರ್ನಾಟಕದ ಸರ್ಕಾರಿ ಶಾಲೆಗಳ ನಮ್ಮ 'ನಲಿ-ಕಲಿ' ಪದ್ಧತಿ ಹುಟ್ಟಿದ್ದು ಹಾಗೆ. ಕಲಿಕಾ ಏಣಿ, ಮೈಲಿಗಲ್ಲು, ಪ್ರಾಣಿ ಪಕ್ಷಿಗಳ ಲೋಗೋ, ನೆಲದಲ್ಲಿ ಕೂತ ಮಗುವಿನ ಕೈಗೆ ಎಟುಕುವ ಕಪ್ಪುಹಲಗೆ, ತಲೆಯ ಮೇಲೆ ದಾರದಿಂದ ಕಟ್ಟಿದ ಚಪ್ಪರ: ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿ ಓದುವ ಮಕ್ಕಳಿರುವ ಮನೆಯವರಿಗೆ ಇವೆಲ್ಲ ಗೊತ್ತು. 2009-10ರಿಂದ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೂ ಬಂತು. ಮುದ್ರಿತ ಕಾರ್ಡುಗಳು, ಸುತ್ತೋಲೆಗಳು ಜೊತೆಗೇ ಬಂದವು. ಹೆಗ್ಗಡದೇವನಕೋಟೆಯ ಆ ಶಿಕ್ಷಕರಿಗೆ ಸುತ್ತೋಲೆ ಬೇಕಾಗಿರಲಿಲ್ಲ. ಕಣಿವೆಯ ತೆಲುಗು ಕಾರ್ಡುಗಳನ್ನು ಕನ್ನಡಕ್ಕೆ ಇಳಿಸಿಕೊಳ್ಳದೆ, ತಮ್ಮ ಸೀಮೆಯ ಹಾಡು, ಕಥೆ, ಆಟ ಸೇರಿಸಿ ತಾವೇ ಕೂತು ಬರೆದಿದ್ದರು.