ಗುರಿಕಾರನ ಮೇಜಿನ ಮೇಲಣ ಮುಕ್ಕಾಲಿ

ಅಮೆರಿಕಾ ದೇಶದಲ್ಲಿ ಬೆಂಚ್‌ರೆಸ್ಟ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಗುರಿವಿದ್ಯೆಯೊಂದುಂಟು. ಅಲ್ಲಿ ಗುರಿಕಾರನು ಕೋವಿಯನ್ನು ತೋಳ್ಬಲದಿಂದ ಎತ್ತಿ ಹಿಡಿಯುವುದಿಲ್ಲ. ಸ್ಥಿರವಾದ ಮೇಜಿನೆದುರು ಕುಳಿತು, ರೈಫಲ್ಲಿನ ಮುಂಭಾಗವನ್ನು ಲೋಹದ ಮುಕ್ಕಾಲಿಯ ನೆತ್ತಿಯ ಮೇಲಣ ಮರಳುಚೀಲದಲ್ಲಿಯೂ, ಹಿಂಭಾಗವನ್ನು ಎರಡು ಕಿವಿಗಳುಳ್ಳ ತೊಗಲಿನ ಚೀಲದಲ್ಲಿಯೂ ಇರಿಸಿ, 100 ಅಥವಾ 200 ಗಜ ದೂರದ ಕಾಗದಕ್ಕೆ ಐದು ಗುಂಡುಗಳನ್ನು ಹಾರಿಸುತ್ತಾನೆ. ಅವು ಗುರಿಯ ನಟ್ಟನಡುವೆ ಬಿದ್ದುವೇ ಎಂಬುದಕ್ಕಿಂತ, ಪರಸ್ಪರ ಎಷ್ಟು ಸಮೀಪದಲ್ಲಿ ಬಿದ್ದುವೆಂಬುದೇ ಈ ಸ್ಪರ್ಧೆಯ ನಿರ್ಣಾಯಕ ಸಂಗತಿ. 1973ರಲ್ಲಿ ಮ್ಯಾಕ್ ಮೆಕ್‌ಮಿಲನ್ ಎಂಬಾತನು 100 ಗಜದಲ್ಲಿ ಹೊಡೆದ ಐದು ಗುಂಡುಗಳಲ್ಲಿ ಅತಿ ದೂರದ ಎರಡರ ಕೇಂದ್ರಗಳ ಅಂತರವು 0.009 ಅಂಗುಲ ಮಾತ್ರವಾಗಿದ್ದಿತು.

ಇಂತಹ ಸೂಕ್ಷ್ಮತೆಗೆ ನಳಿಗೆಯನ್ನೂ ಮದ್ದನ್ನೂ ದುರ್ಬೀನನ್ನೂ ಕೊಂಡಾಡುವವರು ಬಹಳ ಮಂದಿ. ಇವೆಲ್ಲಕ್ಕೂ ಅಡಿಪಾಯವಾದ ಮುಕ್ಕಾಲಿಯನ್ನು ಸ್ಮರಿಸುವವರು ವಿರಳ. ಆದರೆ ಲೆಕ್ಕವನ್ನು ನೋಡಿರಿ. ಎರಡು ಚೀಲಗಳ ನಡುವಣ ಅಂತರ 20 ಅಂಗುಲವೆಂದು ಭಾವಿಸಿದರೆ, 100 ಗಜದ ಗುರಿಯು ಅದರ 180 ಪಟ್ಟು ದೂರದಲ್ಲಿದೆ. ಆದಕಾರಣ ಗುರಿಯಿಟ್ಟ ಬಳಿಕ, ಕೋವಿಯ ಕುದುರೆಯನ್ನೊತ್ತುವ ಮುನ್ನ, ಮುಂದಿನ ಆಧಾರವು ಅಂಗುಲದ ಸಾವಿರದಲ್ಲಿ ಮೂರು ಭಾಗದಷ್ಟು, ಎಂದರೆ ಸರಿಸುಮಾರು ಕೂದಲೆಳೆಯ ಗಾತ್ರದಷ್ಟು, ಪಕ್ಕಕ್ಕೆ ಸರಿದರೂ ಗುಂಡು ಅರ್ಧ ಅಂಗುಲಕ್ಕೂ ಮೀರಿ ದಾರಿ ತಪ್ಪುತ್ತದೆ.

ಹಾಗಿದ್ದರೆ ಮುಕ್ಕಾಲಿಯನ್ನು ಮೇಜಿಗೆ ತಿರುಪು ಹಾಕಿ ಬಿಗಿಯಬಾರದೇಕೆ? ಮರಳುಚೀಲಗಳ ಮೇಲೆ ನಡೆಯುವ ಸ್ಪರ್ಧೆಗಳಲ್ಲಿ ನಿಯಮವು ಅದಕ್ಕೆ ಅವಕಾಶ ಕೊಡುವುದಿಲ್ಲ. ಮುಂದಿನ ಆಧಾರವೂ ಹಿಂದಿನದೂ ಒಂದಕ್ಕೊಂದು ಸೇರಿರಬಾರದು, ಮೇಜಿಗೂ ಅಂಟಿರಬಾರದು. ಆದುದರಿಂದ ಅಚಲತೆಯನ್ನು ಭಾರದಿಂದಲೂ ರೂಪದಿಂದಲೂ ಸಾಧಿಸಬೇಕಾಯಿತು. ಎರಕದ ಕಬ್ಬಿಣದಂತಹ ತೂಕದ ಲೋಹ, ಅಗಲವಾಗಿ ಚಾಚಿದ ಮೂರು ಕಾಲುಗಳು: ಒಲೆಯ ಮೂರು ಕಲ್ಲುಗಳ ಮೇಲೆ ಮಡಕೆ ಎಂದಿಗೂ ಅಲುಗದಂತೆ, ಮೂರು ಬಿಂದುಗಳ ಮೇಲೆ ನಿಂತ ವಸ್ತುವು ನೆಲ ಎಷ್ಟೇ ಒರಟಾಗಿದ್ದರೂ ಒಂದು ಕಾಲನ್ನು ಎತ್ತಿಕೊಂಡು ಕುಂಟುವುದಿಲ್ಲ. ಆ ಕಾಲುಗಳ ತುದಿಗೆ ಮೊನಚಾದ ತಿರುಪುಗಳಿದ್ದು, ಮುಕ್ಕಾಲಿಯನ್ನಿಟ್ಟು ಮೇಲಿನಿಂದ ಬಲವಾಗಿ ಅದುಮಿದಾಗ ಕಾಂಕ್ರೀಟಿನ ಮೇಜಿನ ಮೈಯನ್ನು ಅವು ಕಚ್ಚಿಕೊಳ್ಳುತ್ತವೆ. ಮೃದುವಾದ ರಬ್ಬರಿನ ಪಾದಗಳು ಮೇಜಿಗೆ ಗೀರು ಬೀಳದಂತೆ ಕಾಪಾಡುವುದು ನಿಜ. ಆದರೆ ಒತ್ತಿದಾಗ ಕುಗ್ಗಿ ಬಿಟ್ಟಾಗ ಹಿಗ್ಗುವ ಆಧಾರವನ್ನು ನಾನು ಆಧಾರವೆಂದು ಒಪ್ಪಲಾರೆ.

ಗುಂಡು ಹಾರಿದೊಡನೆ ರೈಫಲ್ ಹಿಂದಕ್ಕೆ ಜಾರುತ್ತದೆ. ಚೀಲದೊಡನೆ ಅದಕ್ಕಾಗುವ ಘರ್ಷಣೆಯು ಮುಕ್ಕಾಲಿಯನ್ನೂ ತನ್ನೊಡನೆ ಎಳೆಯಲು ಹವಣಿಸುತ್ತದೆ. ನಳಿಗೆಯಿಂದ ಗುಂಡು ಹೊರಬೀಳುವ ಮೊದಲೇ, ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಅವಧಿಯಲ್ಲಿ, ಈ ಚಲನೆ ಆರಂಭವಾಗಿರುವುದರಿಂದ ಅದು ಪ್ರತಿ ಸಲವೂ ಒಂದೇ ತೆರನಾಗಿರುವುದು ಅತ್ಯಾವಶ್ಯಕ. ಎಂತಲೇ ಚೀಲದ ಮೇಲೆ ನುಣುಪು ಪುಡಿಯನ್ನು ಸವರುವ ವಾಡಿಕೆ. ಎಂತಲೇ ಎತ್ತರವನ್ನು ಹೊಂದಿಸಿದ ಕೂಡಲೇ ಅದರ ತಿರುಪನ್ನು ಬಿಗಿಯುವ ಎಚ್ಚರ. ಎಂತಲೇ ಚೀಲಗಳಲ್ಲಿ ಭಾರವಾದ ಮರಳನ್ನು ಗಟ್ಟಿಯಾಗಿ ತುಂಬುವ ಪದ್ಧತಿ. ಗಾಳಿಯು ದಿಕ್ಕು ಬದಲಿಸುವುದರೊಳಗೆ ಐದು ಗುಂಡುಗಳನ್ನೂ ಬೇಗ ಬೇಗ ಹಾರಿಸಿ ಮುಗಿಸುವವರಿಗಂತೂ, ಮುಂದಕ್ಕೆ ತಳ್ಳಿದ ರೈಫಲ್ ಮೊದಲಿನ ಸ್ಥಾನಕ್ಕೇ ಮರಳಿ ಬರದಿದ್ದರೆ ಗತಿಯೇ ಇಲ್ಲ.

ಇಷ್ಟಾದರೂ ಮೇಜೇ ನಡುಗುತ್ತಿದ್ದರೆ ಶ್ರಮವೆಲ್ಲ ವ್ಯರ್ಥ. ಒಳ್ಳೆಯ ಮೈದಾನಗಳಲ್ಲಿ ನೆಲದೊಳಗೆ ಹೂತ ಕಂಬಗಳ ಮೇಲೆ ಕಾಂಕ್ರೀಟಿನ ಹಲಗೆಯನ್ನಿರಿಸಿ, ಕುಳಿತುಕೊಳ್ಳುವ ಪೀಠವನ್ನು ಮೇಜಿಗೆ ಸೋಂಕದಂತೆ ಬೇರೆಯಾಗಿ ಇಡುವುದು ಈ ಕಾರಣದಿಂದಲೇ.

ಈ ವಿದ್ಯೆಯಲ್ಲಿ ಆಸಕ್ತಿಯುಳ್ಳವರು ಮದ್ದನ್ನೋ ನಳಿಗೆಯನ್ನೋ ಹಳಿಯುವ ಮುನ್ನ ಒಂದು ಪರೀಕ್ಷೆ ಮಾಡಲಿ: ಖಾಲಿ ರೈಫಲ್ಲನ್ನು ಚೀಲಗಳ ಮೇಲಿರಿಸಿ, ದುರ್ಬೀನಿನಲ್ಲಿ ಗುರಿಯನ್ನು ನೋಡುತ್ತ, ಮೊಣಕೈಯಿಂದ ಮೇಜನ್ನೊಮ್ಮೆ ಒತ್ತಲಿ. ದುರ್ಬೀನಿನೊಳಗಣ ಗುರಿಗೆರೆ ಕದಲಿದರೆ, ಮೊದಲು ಸರಿಪಡಿಸಬೇಕಾದುದು ಮೇಜು ಮತ್ತು ಮುಕ್ಕಾಲಿಯ ಪಾದ.